ರಮಾನಾಥರ ಭದ್ರತಾ ವ್ಯವಸ್ಥೆ

ನನ್ನ ಅಳಿಯಂದಿರ ಕಾರು ಕಳುವಾದಾಗ ಮನೆಯವರಿಗಾದ ದುಃಖ ಅಷ್ಟಿಷ್ಟಲ್ಲ. ಆದರೆ ಒಂಬತ್ತು ದಿನಗಳ ಮೇಲೆ ಆ ಕಾರು ಮರಳಿ ಸಿಕ್ಕಿತಲ್ಲ, ನಿಜವಾದ ಕಷ್ಟ ಶುರುವಾದದ್ದು ಆಗ.

ಅಳಿಯಂದಿರ ಹೆಸರು ರಮಾನಾಥ. ಉಡುಪಿಯ ಕಡೆಯವರು. ನೆದರ್ಲೆಂಡ್ಸಿನ ಬೆಸ್ಟ್ ಎಂಬ ಪುಟ್ಟ ಊರಿನಲ್ಲಿ ಮನೆ ಮಾಡಿ ಹದಿನಾಲ್ಕು ವರ್ಷವಾಯಿತು. ಪಕ್ಕದ ಐಂಡ್‌ಹೋವನ್‌ನ ಒಂದು ಕಂಪನಿಯಲ್ಲಿ ಅವರು ಸೆಕ್ಯೂರಿಟಿ ವಿಭಾಗಕ್ಕೆ ದೊಡ್ಡವರು. ಸೆಕ್ಯೂರಿಟಿ ಎಂದರೆ ಗೇಟಿನಲ್ಲಿ ಕೋಲು ಹಿಡಿದು ನಿಲ್ಲುವುದಲ್ಲ, ಕಂಪ್ಯೂಟರಿನೊಳಗೆ ಕಳ್ಳರು ನುಗ್ಗದಂತೆ ನೋಡಿಕೊಳ್ಳುವುದು ಎಂದು ಮದುವೆಯ ಹೊಸತರಲ್ಲೇ ನಮ್ಮ ಬಂಧುಗಳಿಗೆಲ್ಲ ಒಬ್ಬೊಬ್ಬರನ್ನೂ ಕೂರಿಸಿಕೊಂಡು ವಿವರಿಸಿದ್ದರು. ಮನೆಯ ವೈಫೈ ಪಾಸ್‌ವರ್ಡನ್ನು ಅವರು ಪ್ರತಿ ಸೋಮವಾರ ಬದಲಾಯಿಸುತ್ತಾರೆ. ಹೊಸ ಪಾಸ್‌ವರ್ಡನ್ನು ಯಾರಿಗೂ ಹೇಳುವುದಿಲ್ಲ, ಯಾಕೆಂದರೆ ಹೇಳಿದರೆ ಅದು ಪಾಸ್‌ವರ್ಡ್ ಆಗಿ ಉಳಿಯುವುದಿಲ್ಲ. ನಾನು ಮಗಳ ಮನೆಗೆ ಬಂದು ಎರಡು ತಿಂಗಳಾಗಿದ್ದವು. ಅದರಲ್ಲಿ ಊರಿಗೆ ಫೋನು ಮಾಡಲು ಸಾಧ್ಯವಾದದ್ದು ಹದಿನೇಳು ದಿನ.

ಇಂಥವರ ಕಾರೇ ಹೋಯಿತು. ಅದೂ ಮನೆಯ ಎದುರಿನಿಂದ. ಬೀದಿಯ ದೀಪದ ಕಂಬಕ್ಕೆ ‘ಈ ಬೀದಿಯವರು ವಾಟ್ಸಾಪಿನಲ್ಲಿ ಕಾವಲಿದ್ದಾರೆ’ ಎಂಬ ಫಲಕವಿದೆ. ಕಾರು ನಿಂತಿದ್ದದ್ದು ಸರಿಯಾಗಿ ಅದರ ಕೆಳಗೆ. ಆ ಕಾವಲು ಗುಂಪಿನ ಯಜಮಾನಿ ಪಕ್ಕದ ಮನೆಯ ಕೋರಿ ಎಂಬಾಕೆ, ನನ್ನದೇ ಪ್ರಾಯದವಳು. ಅಂದು ಗುಂಪಿನಲ್ಲಿ ನಲವತ್ತಮೂರು ಮೆಸೇಜುಗಳು ಬಂದಿದ್ದವು. ಎಲ್ಲವೂ ಕಾಣೆಯಾದ ಒಂದು ಬೆಕ್ಕಿನ ಬಗ್ಗೆ.

ಕಳ್ಳರು ಬೀಗ ಒಡೆಯಲಿಲ್ಲ, ಗಾಜು ಒಡೆಯಲಿಲ್ಲ. ಅಳಿಯಂದಿರು ಕಾರಿನ ಕೀಯನ್ನು ಮುಂಬಾಗಿಲ ಒಳಗಿನ ಮೊಳೆಗೆ ನೇತು ಹಾಕುತ್ತಿದ್ದರು. ಅದು ಗುಂಡಿ ಒತ್ತಿದರೆ, ಕೆಲವೊಮ್ಮೆ ಒತ್ತದೆಯೂ, ಗಾಳಿಯಲ್ಲಿ ಕಾರಿನ ಜತೆ ಮಾತನಾಡುವ ಜಾತಿಯ ಕೀ. ಕಳ್ಳರು ಬಾಗಿಲ ಹೊರಗೆ ಒಂದು ಯಂತ್ರ ಹಿಡಿದು ನಿಂತು ಆ ಮಾತನ್ನು ಕದ್ದು ಕೇಳಿದರು, ಕಾರಿಗೆ ಹೇಳಿದರು, ಕಾರು ನಂಬಿತು, ಹೊರಟಿತು. ಕಾರು ಹೋದದ್ದಕ್ಕಿಂತಲೂ ಹೋದ ರೀತಿಗೆ ಅಳಿಯಂದಿರಿಗೆ ಹೆಚ್ಚು ನೋವಾಯಿತು. ಆಫೀಸಿನಲ್ಲಿ ಅವರು ಅದೇ ತಿಂಗಳು ಇದೇ ಜಾತಿಯ ಕಳ್ಳತನದ ಬಗ್ಗೆ ಒಂದು ಭಾಷಣ ಮಾಡಿದ್ದರಂತೆ.

ಒಂಬತ್ತನೇ ದಿನ ಪೊಲೀಸಿನವಳು ಫೋನು ಮಾಡಿದಳು. ಕಾರು ಟಿಲ್‌ಬರ್ಗ್‌ನ ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಸಿಕ್ಕಿದೆ, ನಂಬರ್ ಪ್ಲೇಟು ಬೇರೆ, ಉಳಿದದ್ದೆಲ್ಲ ಸರಿಯಾಗಿದೆ ಎಂದಳು. ನಾವೆಲ್ಲ ಹೋಗಿ ನೋಡಿದೆವು. ಡ್ಯಾಶ್‌ಬೋರ್ಡಿನ ಗಣಪತಿ ಇದ್ದಲ್ಲೇ ಇದ್ದ, ಅವನ ಎದುರಿಗೆ ಅರ್ಧ ತಿಂದ ಆಲೂಗಡ್ಡೆ ಫ್ರೈಯ ಪೊಟ್ಟಣ.

“ಗೆರೆಗಳ ಮಧ್ಯ ಎಷ್ಟು ಚಂದ ನಿಲ್ಲಿಸಿದ್ದಾನೆ ನೋಡಿ,” ಎಂದಳು ನನ್ನ ಮಗಳು ಪ್ರೇಮಾವತಿ, ಗಂಡನ ಮುಖ ನೋಡದೆ. “ನಮ್ಮವರಿಗೆ ಹದಿನಾಲ್ಕು ವರ್ಷದಲ್ಲಿ ಒಂದು ಸಲ ಬರ್ಲಿಲ್ಲ ಹೀಗೆ.”

ಕಾರು ಕದ್ದವರು ಕೆಲವು ದಿನ ಅದನ್ನು ಎಲ್ಲೋ ನಿಲ್ಲಿಸಿ, ಯಾರಾದರೂ ಹುಡುಕಿಕೊಂಡು ಬರುತ್ತಾರೋ ಎಂದು ಕಾದು ನೋಡುತ್ತಾರೆ, ಆಮೇಲೆ ಮಾರುತ್ತಾರೆ ಎಂದು ಪೊಲೀಸಿನವಳು ವಿವರಿಸಿದಳು. ಹಳೆಯ ಕೀಗಳ ಗುಟ್ಟು ಅವರ ಬಳಿ ಇದೆಯಾದ್ದರಿಂದ ಮತ್ತೆ ಬರಬಹುದು. ಕೀ ಬದಲಾಯಿಸಿ ಎಂದಳು.

ಕೀ ಬದಲಾಯಿಸಿದವನು ಗ್ಯಾರೇಜಿನ ಯೋಸ್. ಅವನು ಕಾರಿನ ನೆನಪಿನಿಂದ ಹಳೆಯ ಎರಡು ಕೀಗಳನ್ನು ಅಳಿಸಿ, ಹೊಸ ಎರಡು ಕೀಗಳನ್ನು ಪರಿಚಯ ಮಾಡಿಸಿ, ಒಂದು ಅಲಾರಂ ಕೂರಿಸಿ, ಎರಡು ಮಾತು ಹೇಳಿದ. ಒಂದು, ಮನೆಯಲ್ಲಿ ಕೀಗಳನ್ನು ಲೋಹದ ಪೆಟ್ಟಿಗೆಯಲ್ಲಿಡಿ, ಆಗ ಅವುಗಳ ಮಾತು ಹೊರಗೆ ಹೋಗುವುದಿಲ್ಲ. ಎರಡು, ಶುಕ್ರವಾರ ವಿಮೆಯವರ ಕಡೆಯಿಂದ ಒಬ್ಬ ತಪಾಸಣೆಗೆ ಬರುತ್ತಾನೆ. ಅವನು ಅಲಾರಮ್ಮನ್ನೂ ಎರಡೂ ಕೀಗಳನ್ನೂ ಕಣ್ಣಾರೆ ನೋಡಿ ಸಹಿ ಹಾಕಬೇಕು. ಅಲ್ಲಿಯವರೆಗೆ ಕಾರು ಅಂಗಳ ಬಿಡುವಂತಿಲ್ಲ. ಒಂದು ಕೀ ಕಾಣದಿದ್ದರೂ ಎಲ್ಲ ಮೊದಲಿನಿಂದ ಮಾಡಬೇಕು, ಮುಂದಿನ ಅಫ್‌ಸ್ಪ್ರಾಕ್ ಮೂರು ವಾರದ ಮೇಲೆ. ಅಫ್‌ಸ್ಪ್ರಾಕ್ ಎಂದರೆ ಮೊದಲೇ ಗೊತ್ತುಮಾಡಿಕೊಂಡ ಸಮಯ. ಈ ದೇಶದಲ್ಲಿ ಅಫ್‌ಸ್ಪ್ರಾಕ್ ಇಲ್ಲದೆ ಮನೆಗೆ ಬರುವವನು ಕಳ್ಳನೊಬ್ಬನೇ.

ಮೂರು ವಾರ ಎಂದದ್ದು ಕೇಳಿ ಪ್ರೇಮಾವತಿಯ ಮುಖ ಸಣ್ಣದಾಯಿತು. ಮುಂದಿನ ಸೋಮವಾರ ಅವಳ ಕೆಲಸ ಶುರು. ಮನೆಮನೆಗೆ ಹೋಗಿ ಮುದುಕರಿಗೆ ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಕಾಲಿಗೆ ಬಿಗಿ ಸಾಕ್ಸು ಏರಿಸುವುದು. ಬೆಳಿಗ್ಗೆ ಏಳಕ್ಕೆ ಮೊದಲ ಮನೆ, ಒಂಬತ್ತರೊಳಗೆ ಸುತ್ತಲಿನ ಹಳ್ಳಿಗಳ ನಾಲ್ಕು ಮನೆ. ಕಾರಿಲ್ಲದೆ ಆಗದ ಕೆಲಸ. ಕಾರಿದೆಯೇ ಎಂದು ಕೆಲಸ ಕೊಟ್ಟವರು ಕೇಳಿದಾಗ ಇದೆ ಎಂದು ಬರೆದುಕೊಟ್ಟಿದ್ದಳು. ಈ ಕೆಲಸಕ್ಕಾಗಿಯೇ ಅವಳು ಎರಡು ವರ್ಷ ಡಚ್ ಭಾಷೆ ಕಲಿತು, ನಾಲ್ಕು ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ಬಿದ್ದು ಐದನೆಯ ಸಲ ಪಾಸಾದದ್ದು.

“ಒಂದು ಕೀ ನನ್ನ ಹತ್ರ ಕೊಡಿ,” ಎಂದಳು ಗಂಡನಿಗೆ.

“ಸೋಮವಾರ ಕೊಡ್ತೇನೆ. ಈಗ ನಿನಗೆ ಎಂತಕ್ಕೆ ಕೀ? ಕಾರು ಹೇಗೂ ಹೋಗ್ಲಿಕ್ಕಿಲ್ಲ.”

“ಎಲ್ಲಿಡ್ತೀರಿ ಅಂತಾದ್ರೂ ಹೇಳಿ.”

“ಗೊತ್ತಿರುವವರು ಒಬ್ಬರಿದ್ರೆ ನೂರಕ್ಕೆ ನೂರು ಭದ್ರ. ಇಬ್ಬರಿದ್ರೆ ಐವತ್ತು. ಇದು ಲೆಕ್ಕ ಪ್ರೇಮಾ, ನಾನು ಮಾಡಿದ್ದಲ್ಲ.”

ಆ ಭಾನುವಾರ ಅಳಿಯಂದಿರು ಅಡುಗೆಮನೆಗೆ ಬಂದರು. ಹಬ್ಬಕ್ಕೂ ಬಾರದವರು ಬಂದದ್ದು ನೋಡಿ ನಾನು ಸ್ಟೂಲು ಬಿಟ್ಟು ಎದ್ದೆ. ಕಪಾಟಿನಲ್ಲಿದ್ದ ಸ್ಟೀಲ್ ಡಬ್ಬಿಗಳನ್ನೆಲ್ಲ ಇಳಿಸಿ, ಒಂದೊಂದರಲ್ಲೂ ಕೀ ಹಾಕಿ ಮುಚ್ಚಿ, ಅಂಗಳಕ್ಕೆ ಹೋಗಿ, ಡಬ್ಬಿಯನ್ನು ಕಾರಿನ ಕಿಟಕಿಗೆ ಒತ್ತಿ ಹಿಡಿದು ಬಾಗಿಲು ಎಳೆದರು. ಬಾಗಿಲು ತೆರೆದರೆ ಡಬ್ಬಿ ನಪಾಸು. ಉದ್ದಿನ ಬೇಳೆಯ ಡಬ್ಬಿ ನಪಾಸಾಯಿತು. ಸಕ್ಕರೆಯ ಡಬ್ಬಿ ನಪಾಸಾಯಿತು. ಕೋರಿ ತನ್ನ ಬೇಲಿಯ ಮೇಲಿಂದ ಬಗ್ಗಿ, ಇದು ನಿಮ್ಮ ದೇಶದ ಪೂಜೆಯೇ ಎಂದು ಕೇಳಿದಳು. ಅಲ್ಲ, ವಿಜ್ಞಾನ ಎಂದರು ಅಳಿಯಂದಿರು. ಆಕೆ ಪೂಜೆ ಎಂದೇ ತಿಳಿದು ತಲೆ ಬಾಗಿಸಿದಳು.

ಕೊನೆಗೆ ಪಾಸಾದದ್ದು ನಾನು ಊರಿನಿಂದ ತಂದ ದೊಡ್ಡ ಡಬ್ಬಿ. ಗಟ್ಟಿ ಸ್ಟೀಲು, ಬಿಗಿ ಮುಚ್ಚಳ, ಪ್ರೇಮಾವತಿಯ ಮದುವೆಯಲ್ಲಿ ಉಡುಗೊರೆ ಬಂದದ್ದು, ಕೊಟ್ಟವರ ಹೆಸರು ಚುಕ್ಕಿಚುಕ್ಕಿಯಾಗಿ ಕೆತ್ತಿದೆ. ಅದರ ತುಂಬ ಎರಡು ಕಿಲೋ ಸಾರಿನ ಪುಡಿ. ಅಳಿಯಂದಿರು ಎರಡನೆಯ ಕೀಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೊಣಕೈಯವರೆಗೆ ತೋಳು ಮಡಚಿ, ಪುಡಿಯ ತಳಕ್ಕೆ ಇಳಿಸಿ ಮೇಲೆ ಸಮ ಮಾಡಿದರು. ಇದನ್ನು ನಾನು ನೋಡಲಿಲ್ಲ. ಆ ಹೊತ್ತಿಗೆ ನನ್ನನ್ನು ಹೊರಗೆ ಕಳಿಸಿದ್ದರು. ಒಂದನೆಯ ಕೀಯನ್ನು ಅವರು ಚಟ್ನಿಯ ಪುಟ್ಟ ಡಬ್ಬಿಯಲ್ಲಿ ಹಾಕಿ ಕೋಟಿನ ಜೇಬಿನಲ್ಲಿಟ್ಟುಕೊಂಡರು. ಅವರು ನಡೆದಾಗೆಲ್ಲ ಕಿಣಿಕಿಣಿ ಎನ್ನುತ್ತಿತ್ತು.

ಮಂಗಳವಾರ ಶಮಂತ್ ಊಟಕ್ಕೆ ಬಂದ. ಬೆಂಗಳೂರಿನ ಹುಡುಗ, ಲೈಡನ್‌ನಲ್ಲಿ ಹುಳುಗಳ ಮೇಲೋ ಅವುಗಳ ಮೊಟ್ಟೆಗಳ ಮೇಲೋ ಸಂಶೋಧನೆ ಮಾಡುತ್ತಾನೆ. ಮೂರು ಸಲ ಸಾರು ಬಡಿಸಿಕೊಂಡು, “ಅಜ್ಜಿ, ಇಂಥ ಸಾರು ಕುಡ್ದು ಒಂದು ವರ್ಷ ಆಯ್ತು,” ಎಂದ. ಭಾನುವಾರ ಕನ್ನಡ ಸಂಘದ ದೀಪಾವಳಿ ಊಟ, ಎಂಬತ್ತು ಜನಕ್ಕೆ ಅಡುಗೆ, ಸಾರಿನ ಪುಡಿಯೇ ಸಿಕ್ಕಿಲ್ಲ ಎಂದೂ ಹೇಳಿದ. ನಾನು ದೊಡ್ಡ ಡಬ್ಬಿಯನ್ನು ಹಾಗೆಯೇ ಎತ್ತಿ ಅವನ ಚೀಲಕ್ಕಿಟ್ಟೆ. ಸಣ್ಣದರಲ್ಲಿ ಅರ್ಧ ಕೊಡುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ.

ಬುಧವಾರ ಬೆಳಿಗ್ಗೆ ಅಳಿಯಂದಿರು ಕಪಾಟು ತೆರೆದು ಬಹಳ ಹೊತ್ತು ನಿಂತರು.

“ಅತ್ತೆ, ಇಲ್ಲೊಂದು ದೊಡ್ಡ ಡಬ್ಬಿ ಇತ್ತಲ್ಲ.”

“ಶಮಂತನಿಗೆ ಕೊಟ್ಟೆ. ಪಾಪದ ಹುಡುಗ.”

ಅವರು ನನ್ನನ್ನು ನೋಡಿದರು. ಅಷ್ಟು ಹೊತ್ತು ಅವರು ನನ್ನ ಮುಖ ನೋಡಿದ್ದು ಮದುವೆಯ ಮಂಟಪದಲ್ಲಿಯೂ ಇಲ್ಲ. “ಯಾಕೆ, ಸಾರು ಬೇಕಿತ್ತಾ?” ಎಂದೆ.

“ಇಲ್ಲ, ಡಬ್ಬಿ ಬೇಕಿತ್ತು.”

“ಬೇರೆ ಹತ್ತು ಉಂಟಲ್ಲ.”

“ಅದೇ ಬೇಕು.”

ಇಲ್ಲಿಂದ ಆರಂಭವಾಯಿತು ಒಂದು ತಪ್ಪು ತಿಳಿವಳಿಕೆ. ಕೀ ಕಳೆದಿದೆ ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸೆಕ್ಯೂರಿಟಿಯ ದೊಡ್ಡವರು ಕಾರಿನ ಹೊಸ ಕೀಯನ್ನು ಸಾರಿನ ಪುಡಿಯಲ್ಲಿ ಹೂತಿಟ್ಟು ಲೈಡನ್ನಿಗೆ ಕಳಿಸಿಕೊಟ್ಟರು ಎಂದು ಹೇಗೆ ತಾನೇ ಹೇಳುವುದು? ಅವರು ಶಮಂತನಿಗೆ ಫೋನು ಮಾಡಿ ಡಬ್ಬಿ ಕೇಳಿದರು.

“ಅಂಕಲ್, ಅದನ್ನ ನಿನ್ನೇನೇ ಸಂಘದ ಅಡುಗೆ ಸಾಮಾನಿನ ಬಾಕ್ಸ್‌ಗೆ ಹಾಕ್ಬಿಟ್ಟೆ. ಬಾಕ್ಸ್ ಯಾರು ತಗೊಂಡ್ ಹೋದ್ರೋ ಗೊತ್ತಿಲ್ಲ. ಖಾಲಿಯಾದ್ಮೇಲೆ ಡಬ್ಬಿ ತಂದ್ಕೊಡ್ಲಾ?”

“ಇಲ್ಲಪ್ಪ, ಈಗಲೇ ಬೇಕು. ಶುಕ್ರವಾರದೊಳಗೆ.”

“ಪುಡಿನೂ ವಾಪಸ್ ಬೇಕಾ ಅಂಕಲ್?”

ಅಳಿಯಂದಿರು ಒಂದು ಕ್ಷಣ ಯೋಚಿಸಿ, “ಪುಡಿ ಸಮೇತ,” ಎಂದರು.

ಹುಡುಗ ಒಳ್ಳೆಯವನು. ಉಪಕಾರವಾಗಲಿ ಎಂದು ಸಂಘದ ಗುಂಪಿನಲ್ಲಿ ಬರೆದ: ‘ಬೆಸ್ಟ್‌ನ ರಮಾನಾಥ ಅಂಕಲ್ ಮನೆಯ ಸ್ಟೀಲ್ ಡಬ್ಬಿ ಯಾರ ಹತ್ರ ಇದ್ರೂ ಅರ್ಜೆಂಟಾಗಿ ವಾಪಸ್ ಕೊಡಿ. ಅವರಿಗೆ ತುಂಬಾ ಕಷ್ಟ ಆಗಿದೆ. ಒಳಗಿನ ಸಾಮಾನೂ ಬೇಕಂತೆ.’

ಇದನ್ನು ನೂರಾ ಎಂಬತ್ತು ಮನೆಯವರು ಓದಿದರು. ಕಾರು ಕಳುವಾದದ್ದು ಎಲ್ಲರಿಗೂ ಗೊತ್ತಿತ್ತು. ಈಗ ಕೊಟ್ಟ ಸಾರಿನ ಪುಡಿಯನ್ನೇ ವಾಪಸು ಕೇಳುತ್ತಿದ್ದಾರೆ ಎಂದರೆ ಕೆಲಸವೂ ಹೋಗಿರಬೇಕು ಎಂದು ಕನ್ನಡಿಗರು ಕೂಡಿಸಿಕೊಂಡರು.

ಸಂಜೆ ಐದಕ್ಕೆ ಬೆಲ್ಲಿನ ಸದ್ದು ಆರಂಭವಾಯಿತು. ಮೊದಲು ಬಂದವರು ಐಂಡ್‌ಹೋವನ್‌ನ ಶೇಷಾದ್ರಿ ದಂಪತಿ. ಕೈಯಲ್ಲಿ ನಮ್ಮ ಮನೆಯ ಡಬ್ಬಿ, ಎರಡು ವರ್ಷದ ಹಿಂದೆ ಕೋಡುಬಳೆ ತುಂಬಿಸಿ ಕೊಟ್ಟದ್ದು. ಖಾಲಿ ಡಬ್ಬಿ ಹಿಂದಿರುಗಿಸುವುದು ನಮ್ಮವರಲ್ಲಿ ಯಾರಿಗೂ ಆಗದ ಮಾತು. ಅವರು ಅದರ ತುಂಬ ಅವಲಕ್ಕಿ ತುಂಬಿ ತಂದಿದ್ದರು.

“ಮರ್ತೇಬಿಟ್ಟಿದ್ವಿ ಪ್ರೇಮಾ ಅವ್ರೇ. ತಪ್ಪು ತಿಳ್ಕೋಬೇಡಿ,” ಎಂದರು ಶೇಷಾದ್ರಿಯವರ ಹೆಂಡತಿ. ಶೇಷಾದ್ರಿಯವರು ಅಳಿಯಂದಿರ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿದರು. “ಎಲ್ಲಾ ಸರಿ ಹೋಗುತ್ತೆ ಸರ್. ನಮ್ ಕಂಪನೀಲಿ ಸ್ಟೋರ್ಸ್ ವಿಭಾಗದಲ್ಲಿ ಒಂದು ಪೋಸ್ಟ್ ಖಾಲಿ ಇದೆ.”

ಅಳಿಯಂದಿರಿಗೆ ಆ ಮಾತು ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವರು ಡಬ್ಬಿಯ ಮುಚ್ಚಳ ತೆಗೆದು, ಅತಿಥಿಗಳ ಎದುರಿಗೇ, ಅವಲಕ್ಕಿಯೊಳಗೆ ಮೊಣಕೈಯವರೆಗೆ ಕೈ ಇಳಿಸಿ ತಳ ತಡಕಿದರು. ಶೇಷಾದ್ರಿಯವರ ಹೆಂಡತಿ ಗಂಡನ ಕಡೆ ನೋಡಿದರು. ಅಳತೆ ನೋಡುತ್ತಿದ್ದಾರೆ ಎಂದು ಆಕೆಗೆ ಅನಿಸಿದ್ದರೆ ತಪ್ಪು ಆಕೆಯದಲ್ಲ.

“ಇನ್ನರ್ಧ ಕಿಲೋ ನಾಳೆ ತಂದ್ಕೊಡ್ತೀವಿ,” ಎಂದರು ಶೇಷಾದ್ರಿಯವರು ಮೆಲ್ಲಗೆ.

ಏಳು ಗಂಟೆಯೊಳಗೆ ಹನ್ನೊಂದು ಡಬ್ಬಿ ಬಂದವು. ಅವುಗಳಲ್ಲಿ ನಾಲ್ಕು ನಮ್ಮವೇ ಅಲ್ಲ. ಚಕ್ಕುಲಿ, ರವೆ ಉಂಡೆ, ಉಪ್ಪಿನಕಾಯಿ, ತೊಗರಿಬೇಳೆ. ಒಬ್ಬರು ಡಬ್ಬಿ ಇಲ್ಲದಿದ್ದರೂ ಇರಲಿ ಎಂದು ಐದು ಕಿಲೋ ಅಕ್ಕಿ ಇಟ್ಟು ಹೋದರು. ಅಳಿಯಂದಿರು ಪ್ರತಿಯೊಂದರಲ್ಲೂ ಕೈ ಅದ್ದಿದರು, ಉಪ್ಪಿನಕಾಯಿಯಲ್ಲೂ. ಮೊಮ್ಮಗಳು ತನುಶ್ರೀ, ಹದಿನಾರರವಳು, ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದವಳು, “ಅಪ್ಪ, ಜಸ್ಟ್ ಬೈ ಎ ನ್ಯೂ ಡಬ್ಬಿ,” ಎಂದು ಹೇಳಿ ಮಾಳಿಗೆಗೆ ಹೋದಳು. ಬೀದಿಯಲ್ಲಿ ಇಷ್ಟು ಜನ ಹೊಳೆಯುವ ಪಾತ್ರೆ ಹಿಡಿದು ಓಡಾಡುವುದನ್ನು ಕಂಡು ಕೋರಿ ಕಾವಲು ಗುಂಪಿಗೆ ಮೆಸೇಜು ಹಾಕಿದಳು. ಆಮೇಲೆ ತಾನೂ ಒಂದು ತಗಡಿನ ಡಬ್ಬಿಯಲ್ಲಿ ಬಿಸ್ಕತ್ತು ತಂದುಕೊಟ್ಟಳು. ಮನೆಯಲ್ಲಿ ಯಾರು ತೀರಿಕೊಂಡರು ಎಂದು ಅವಳು ಕೇಳಲಿಲ್ಲ, ಸುಮ್ಮನೆ ನನ್ನ ಕೈ ಹಿಡಿದುಕೊಂಡಳು.

ಎಲ್ಲ ಹೋದ ಮೇಲೆ ಪ್ರೇಮಾವತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಎಂತದು ಇದು? ಊರೆಲ್ಲ ನಮಗೆ ಅಕ್ಕಿ ಕೊಡ್ತಾ ಉಂಟು.”

“ಅದು ನಿನ್ನ ಮದುವೆಯ ಡಬ್ಬಿ ಪ್ರೇಮಾ. ಭಾವನೆ ಅಂತ ಒಂದು ಇರ್ತದೆ.”

“ನಿಮಗಾ?” ಎಂದಳು ಪ್ರೇಮಾವತಿ. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಮಾತನಾಡುತ್ತ ಹಿತ್ತಲಿಗೆ ಹೋದಳು. ಹಿಂದಿರುಗಿ ಬಂದಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ಶಾಂತವಾಗಿದ್ದಳು. ನನ್ನ ಮಗಳು ಶಾಂತವಾದರೆ ನನಗೆ ಭಯ.

ಗುರುವಾರ ಬೆಳಿಗ್ಗೆ ಅವಳು ಕೆಲಸದ ಬಟ್ಟೆಯ ಅಳತೆ ಕೊಡಲಿಕ್ಕುಂಟು ಎಂದು ಬೇಗನೆ ರೈಲು ಹಿಡಿದು ಹೋಗಿ ಮಧ್ಯಾಹ್ನಕ್ಕೆ ಬಂದಳು. ಹನ್ನೆರಡಕ್ಕೆ ಗುಂಪಿನಲ್ಲಿ ಆಮ್ಸ್ಟರ್‌ಡ್ಯಾಮಿನ ಯತಿರಾಜ್ ಬರೆದ: ‘ಹೆಸರು ಕೆತ್ತಿರುವ ಒಂದು ದೊಡ್ಡ ಡಬ್ಬಿ ನನ್ನಲ್ಲಿದೆ.’ ಯತಿರಾಜ್ ಬ್ಯಾಂಕೊಂದರ ಅಧಿಕಾರಿ, ಮೈಸೂರಿನವನು, ಸಂಘದ ಅಡುಗೆಯ ಉಸ್ತುವಾರಿ. ಅಳಿಯಂದಿರು ಕೋಟು ಹಾಕಿಕೊಂಡು, “ಅತ್ತೆ, ನೀವು ಬರಬೇಕು. ಡಬ್ಬಿಯ ಗುರುತು ಹಿಡಿಯುವವರು ನೀವೇ,” ಎಂದರು.

ಡೆನ್ ಬಾಷ್‌ನಲ್ಲಿ ರೈಲು ಬದಲಿಸಿ ಕೂತ ಮೇಲೆ ಅವರು ಸುತ್ತ ನೋಡಿ ನನಗೆ ಎಲ್ಲ ಹೇಳಿದರು. ಪುಡಿ, ಕೀ, ಪ್ಲಾಸ್ಟಿಕ್ಕು, ಎಲ್ಲ. ಹೇಳುವಾಗ ಜೇಬಿನ ಚಟ್ನಿ ಡಬ್ಬಿ ಕಿಣಿಕಿಣಿ ಎನ್ನುತ್ತಿತ್ತು.

“ಪ್ರೇಮಾನಿಗೆ ಹೇಳಿಬಿಡಿ,” ಎಂದೆ.

“ಹೇಳಿದ್ರೆ ನನ್ನ ಮಾತಿಗೆ ಮನೆಯಲ್ಲಿ ಎಂತ ಬೆಲೆ ಉಳೀತದೆ ಅತ್ತೆ?”

ಈಗ ಎಷ್ಟಿದೆ ಎಂದು ಕೇಳಬಹುದಿತ್ತು. ಅಳಿಯನಿಗೆ ಎದುರಾಡುವ ಕ್ರಮ ನಮ್ಮಲ್ಲಿಲ್ಲ. ಕಿಟಕಿಯಾಚೆ ಹಸುಗಳನ್ನು ನೋಡುತ್ತ ಕೂತೆ.

ಯತಿರಾಜನ ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಡಬ್ಬಿ ತೊಳೆದು ಒರೆಸಿ ಹೊಳೆಯುತ್ತಿತ್ತು. ಪುಡಿಯನ್ನು ಅವನು ಬೇರೆ ಪಾತ್ರೆಗೆ ಸುರಿದಿದ್ದ. ಖಾಲಿ ಕೊಡಬಾರದಲ್ಲ, ಡಬ್ಬಿಯ ತುಂಬ ಪುಳಿಯೋಗರೆಯ ಗೊಜ್ಜು ತುಂಬಿದ್ದ. ಅಳಿಯಂದಿರು ಗೊಜ್ಜಿನೊಳಗೆ ಕೈ ಇಳಿಸಿದರು. ಎಣ್ಣೆ ಮಣಿಕಟ್ಟು ದಾಟಿ ಕೋಟಿನ ತೋಳಿಗೆ ಹತ್ತಿತು.

“ಏನಾದ್ರೂ ಹುಡುಕ್ತಿದ್ದೀರಾ ಸರ್?” ಎಂದು ಯತಿರಾಜ್ ಕೇಳಿದ. ಆಸಕ್ತಿಯಿಂದಲೇ ಕೇಳಿದ.

“ಇಲ್ಲ, ಇಲ್ಲ. ಹದ ನೋಡಿದ್ದು.”

“ಪುಡಿ ನೋಡ್ತೀರಾ? ಪಾತ್ರೇಲಿದೆ.”

ಅವರು ಪುಡಿಯಲ್ಲೂ ಇನ್ನೊಂದು ಕೈ ಇಳಿಸಿ ಹದ ನೋಡಿದರು. ಯತಿರಾಜ್ ಕಾದ. ನಾನೂ ಕಾದೆ. ಕೇಳಲಿಕ್ಕೆ ಇದ್ದದ್ದು ಎರಡೇ ಮಾತು, ‘ಕೀ ಸಿಕ್ಕಿತಾ’ ಎಂದು. ಅಳಿಯಂದಿರು, “ಒಳ್ಳೆ ಘಮ,” ಎಂದು ಹೇಳಿ ಎರಡೂ ಕೈ ಮೇಲೆತ್ತಿಕೊಂಡು ಬಚ್ಚಲಿಗೆ ಹೋದರು.

ಯತಿರಾಜ್ ನನ್ನ ಬಳಿ ಬಗ್ಗಿದ. “ಅಮ್ಮ, ಪುಡಿ ಸುರೀವಾಗ ಕೀ ಸಿಕ್ತು. ನಿಮ್ ಕಡೆ ಪುಡಿಗೆ ಹುಳ ಬೀಳದೇ ಇರ್ಲಿ ಅಂತ ಕಬ್ಬಿಣ ಹಾಕ್ತಾರೇನೋ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಕಬ್ಬಿಣಕ್ಕೆ ಬಟನ್ ಇದೆ. ಪ್ರೇಮಾ ಮೇಡಂಗೆ ನಿನ್ನೆ ಸಂಜೆ ಫೋನ್ ಮಾಡ್ದೆ. ಇವತ್ ಬೆಳಗ್ಗೆ ಅವ್ರೇ ಬಂದು ತಗೊಂಡು ಹೋದ್ರು.”

“ಮತ್ತೆ ಇವರಿಗೆ ಹೇಳ್ಬಾರ್ದಾ?”

“ಸರ್ ತಾವಾಗಿ ಬಾಯ್ಬಿಟ್ಟು ಕೇಳಿದ್ರೆ ಹೇಳಿ, ಇಲ್ದಿದ್ರೆ ಬೇಡ ಅಂದಿದ್ದಾರೆ. ನಾನು ಮೂರು ಸಲ ಅವಕಾಶ ಕೊಟ್ಟೆ ಅಮ್ಮ, ನೀವೇ ನೋಡಿದ್ರಲ್ಲ.”

ಬರುವಾಗ ರೈಲಿನಲ್ಲಿ ಅಳಿಯಂದಿರು ಗೊಜ್ಜಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. “ನಾಳೆ ಬೆಳಿಗ್ಗೆ ಆದ್ರೂ ಪ್ರೇಮಾನ ಹತ್ರ ಒಂದು ಮಾತು,” ಎಂದು ನಾನು ಮತ್ತೊಮ್ಮೆ ಹೇಳಿದೆ. “ನೋಡುವ,” ಎಂದರು. ನಮ್ಮ ಕಡೆಯವರು ನೋಡುವ ಎಂದರೆ ನೋಡುವುದಿಲ್ಲ ಎಂದರ್ಥ.

ಶುಕ್ರವಾರ ಹತ್ತು ಗಂಟೆಗೆ ಎಂದರೆ ಹತ್ತು ಗಂಟೆಗೆ ಸರಿಯಾಗಿ ವಿಮೆಯವರ ತಪಾಸಣೆಗಾರ ಬಂದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದವನು, ಕಂಕುಳಲ್ಲಿ ಫಾರಂ. ಅಲಾರಮ್ಮನ್ನು ಎರಡು ಸಲ ಕೂಗಿಸಿ ನೋಡಿದ. ಎಂಜಿನ್ ಚಾಲೂ ಮಾಡಲು ಒಂದು ನಾಲ್ಕಂಕಿಯ ಗುಪ್ತಸಂಖ್ಯೆ ಒತ್ತಬೇಕು. ಅದನ್ನು ಅಳಿಯಂದಿರು ಒತ್ತುವಾಗ ಟವಲು ಮರೆ ಮಾಡಿದರು. ಆಮೇಲೆ ಎಲ್ಲರೂ ಒಳಗೆ ಬಂದು ಮೇಜಿನ ಸುತ್ತ ಕೂತೆವು. ಪ್ರೇಮಾವತಿ ಕಾಫಿ ಕೊಟ್ಟು ಅಡುಗೆಮನೆಗೆ ಹೋದಳು, ಬಾಗಿಲು ಮುಚ್ಚಲಿಲ್ಲ.

“ಎರಡೂ ಕೀ ತೋರಿಸಿ,” ಎಂದ ತಪಾಸಣೆಗಾರ.

ಅಳಿಯಂದಿರು ಜೇಬಿನಿಂದ ಚಟ್ನಿ ಡಬ್ಬಿ ತೆಗೆದು ಒಂದನೆಯ ಕೀಯನ್ನು ಮೇಜಿನ ಮೇಲಿಟ್ಟರು. ಅನಂತರ ಲೋಹ ಮತ್ತು ರೇಡಿಯೋ ತರಂಗಗಳ ಬಗ್ಗೆ ಮಾತನಾಡಿದರು. ಆಸ್ತಿಯನ್ನು ಒಂದೇ ಜಾಗದಲ್ಲಿ ಇಡಬಾರದೆಂಬ ತತ್ತ್ವವನ್ನು ವಿವರಿಸಿದರು. ತಪಾಸಣೆಗಾರ ಬಿಸ್ಕತ್ತು ತಿಂದು ಮುಗಿಸಿದ.

“ಎರಡನೆಯದು?”

“ಅದು ಬೇರೆ ಕಡೆ ಇದೆ.”

“ಎಲ್ಲಿ?”

ಆಗ ಅಳಿಯಂದಿರು ಒಂದು ಸಲ ಅಡುಗೆಮನೆಯ ಕಡೆ ನೋಡಿ, ಅಷ್ಟು ಹೊತ್ತು ಆಡುತ್ತಿದ್ದ ಇಂಗ್ಲಿಷು ಬಿಟ್ಟು ಡಚ್ಚಿನಲ್ಲಿ ಹೇಳಿದರು, ನನಗೆ ಅರ್ಥವಾಗಲಿಕ್ಕಿಲ್ಲ ಎಂದುಕೊಂಡು. ನನಗೆ ಅರ್ಥವಾಗಲಿಲ್ಲ, ಆದರೆ ಮೆಟ್ಟಿಲ ಮೇಲಿದ್ದ ತನುಶ್ರೀ, “ಅಜ್ಜಿ, ಹೀ ಸೆಡ್, ಅಮ್ಮ ಎಲ್ಲೋ ಇಟ್ಟು ಮರ್ತಿದ್ದಾಳೆ ಅಂತೆ,” ಎಂದು ಗಟ್ಟಿಯಾಗಿಯೇ ತಿಳಿಸಿದಳು.

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಪ್ರೇಮಾವತಿ ಕೈ ಒರೆಸಿಕೊಳ್ಳುತ್ತ ಬಂದು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಗಂಟು ಬಿಚ್ಚಿ, ಎರಡನೆಯ ಕೀಯನ್ನು ಒಂದನೆಯದರ ಪಕ್ಕದಲ್ಲಿಟ್ಟಳು. ಪ್ಲಾಸ್ಟಿಕ್ಕಿನ ಮಡಿಕೆಯಲ್ಲಿ ಇನ್ನೂ ಪುಡಿ ಇತ್ತು. ತಪಾಸಣೆಗಾರ ಅದನ್ನು ಬಿಚ್ಚಿ ಹತ್ತಿರ ಹಿಡಿದು ನೋಡಿ ನಾಲ್ಕು ಸಲ ಸೀನಿದ.

ಅಳಿಯಂದಿರು ಖಾಲಿ ಚಟ್ನಿ ಡಬ್ಬಿಗೆ ಮುಚ್ಚಳ ಹಾಕಿದರು.

“ಎರಡು ದಿನ ಕಾದೆ,” ಎಂದಳು ಪ್ರೇಮಾವತಿ ಕನ್ನಡದಲ್ಲಿ, ದನಿ ಏರಿಸದೆ. “ಕೀ ಹೋಯ್ತು ಅಂತ ಹೇಳಿದ್ರೆ ನಾನು ಬೈತಿರಲಿಲ್ಲ. ನಗ್ತಿದ್ದೆ, ಅಷ್ಟೆ.”

“ಅದೇ ಹೆದರಿಕೆ,” ಎಂದರು ಅಳಿಯಂದಿರು. ಆ ವಾರದಲ್ಲಿ ಅವರು ಹೆಂಡತಿಯೆದುರು ಆಡಿದ ಮೊದಲ ನಿಜ ಅದು.

ತಪಾಸಣೆಗಾರ ಕಣ್ಣೊರೆಸಿಕೊಂಡು ಫಾರಂ ತಿರುಗಿಸಿದ. ಈ ಕಾರಿನ ಖಾಯಂ ಚಾಲಕರು ಯಾರು ಎಂದು ಕೇಳಿದ. ವಿಮೆ ಇನ್ನು ಆ ಹೆಸರಿನಲ್ಲಿರುತ್ತದೆ, ಕೀಗಳ ಹೊಣೆಯೂ ಆ ಹೆಸರಿನವರದೇ. ಅಳಿಯಂದಿರು ಪೆನ್ನಿಗೆ ಕೈ ಚಾಚಿದರು. ಪ್ರೇಮಾವತಿ ಎರಡು ವರ್ಷ ಕಲಿತ ಡಚ್ಚಿನಲ್ಲಿ, ಸೋಮವಾರದಿಂದ ತಾನು ದಿನಕ್ಕೆ ಅರವತ್ತು ಕಿಲೋಮೀಟರು ಓಡಿಸುತ್ತೇನೆ ಎಂದೂ, ಗಂಡನ ಆಫೀಸು ಸೈಕಲ್ಲಿನಲ್ಲಿ ಇಪ್ಪತ್ತೈದು ನಿಮಿಷ ಎಂದೂ ಹೇಳಿದಳು. ತಪಾಸಣೆಗಾರ ಅವಳ ಹೆಸರು ಬರೆದು, ಕಾಗುಣಿತ ಸರಿಯೇ ಎಂದು ಕೇಳಿ, ಸಹಿ ಹಾಕಿ ಎದ್ದ. ಹೋಗುವಾಗ ಕೈಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟೆವು. ಮನೆಯಲ್ಲಿ ಹನ್ನೊಂದಿದ್ದವಲ್ಲ.

ಶನಿವಾರ, ಭಾನುವಾರ ಅಳಿಯಂದಿರು ಸೌಮ್ಯವಾಗಿದ್ದರು. ಸಂಘದ ಊಟಕ್ಕೆ ತಲೆನೋವೆಂದು ಬರಲಿಲ್ಲ. ನಾವು ಮೂವರೂ ಕೋರಿಯ ಕಾರಿನಲ್ಲಿ ಹೋಗಿ ಬಂದೆವು. ಅವಳು ನಮ್ಮ ಸಾರು ಎರಡು ಲೋಟ ಕುಡಿದಳು. ಎರಡೂ ಕೀ ಈಗ ಪ್ರೇಮಾವತಿಯ ಬಳಿಯೇ. ಆದರೆ ಅಲಾರಮ್ಮಿನ ಗುಪ್ತಸಂಖ್ಯೆಯನ್ನು ಮಾತ್ರ ಅವರು ಬಿಟ್ಟುಕೊಟ್ಟಿರಲಿಲ್ಲ. ಮೊದಲೇ ಹೇಳಿದರೆ ನೀನು ಎಲ್ಲಿಯಾದರೂ ಬರೆದಿಡುತ್ತೀ, ಸೋಮವಾರ ಹೊರಡುವಾಗ ಹೇಳುತ್ತೇನೆ ಎಂದರು. ಮನುಷ್ಯನಿಗೆ ಏನಾದರೂ ಒಂದು ಉಳಿಯಬೇಕಲ್ಲ ಎಂದು ಪ್ರೇಮಾವತಿ ಒಪ್ಪಿದಳು.

ಸೋಮವಾರ ಬೆಳಿಗ್ಗೆ ಆರೂವರೆ. ನವೆಂಬರಿನ ಕತ್ತಲು, ಹುಲ್ಲಿನ ಮೇಲೆ ಮಂಜು. ಪ್ರೇಮಾವತಿ ಬಿಳಿಯ ಅಂಗಿ, ನೀಲಿ ಪ್ಯಾಂಟು, ಎದೆಯ ಮೇಲೆ ಹೆಸರಿನ ಬಿಲ್ಲೆ. ಮೊದಲ ಮನೆಗೆ ಇಪ್ಪತ್ತು ನಿಮಿಷದ ದಾರಿ. ಆ ಮನೆಯ ತೊಂಬತ್ತೊಂದು ವರ್ಷದ ಮುದುಕ ಏಳು ಗಂಟೆಗೆ ಮಂಚದ ಮೇಲೆ ಎದ್ದು ಕೂತು ಗಡಿಯಾರ ನೋಡುತ್ತಾನಂತೆ. ನಾವು ಅಂಗಳದಲ್ಲಿ ನಿಂತಿದ್ದೆವು. ಕೋರಿ ಗೌನು ಹೊದ್ದು ಬೇಲಿಯ ಮೇಲೆ.

ಅಳಿಯಂದಿರು ಕಿಟಕಿಯ ಬಳಿ ಬಗ್ಗಿ ಸಣ್ಣ ದನಿಯಲ್ಲಿ, “ನಮ್ಮ ಮದುವೆಯ ತಾರೀಕು ಒತ್ತು,” ಎಂದರು. ನಿಜ ಹೇಳಬೇಕು, ನನಗೆ ಆ ಕ್ಷಣ ಅವರ ಮೇಲೆ ಮಮತೆ ಉಕ್ಕಿತು. ಪ್ರೇಮಾವತಿಯ ಮುಖವೂ ಸಡಿಲವಾಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಹೂ ತಾರದ ಗಂಡ.

ಅವಳು ನಾಲ್ಕು ಅಂಕಿ ಒತ್ತಿದಳು. ಕೆಂಪು ದೀಪ. ಚಳಿಗೆ ಬೆರಳು ತಪ್ಪಿತೇನೋ ಎಂದು ನಿಧಾನವಾಗಿ ಇನ್ನೊಮ್ಮೆ ಒತ್ತಿದಳು. ಕೆಂಪು.

“ಮೂರನೇ ಸಲ ತಪ್ಪಿದ್ರೆ ಒಂದು ಗಂಟೆ ಕಾರು ಬಂದ್,” ಎಂದರು ಅಳಿಯಂದಿರು. “ಹೇಗೆ ಒತ್ತಿದೆ?”

“ಸೊನ್ನೆ ಒಂಬತ್ತು, ಸೊನ್ನೆ ಐದು.”

ಅವರು ಸಣ್ಣಗೆ ನಕ್ಕರು, ಮಗುವಿಗೆ ಪಾಠ ಹೇಳುವವರ ಹಾಗೆ. “ಒಂಬತ್ತಲ್ಲ ಪ್ರೇಮಾ. ಹನ್ನೊಂದು.”

ಪ್ರೇಮಾವತಿ ನನ್ನ ಕಡೆ ತಿರುಗಿದಳು. ಹುಡುಗಿಯ ತಾಯಿ ನಾನು. ಆ ದಿನ ಬೆಳಗಿನ ಮೂರಕ್ಕೆ ಎದ್ದವಳು, ಧಾರೆ ಎರೆದವಳು, ಕೊನೆಗೆ ಉಂಡವಳು. “ಒಂಬತ್ತು,” ಎಂದೆ. ಅಳಿಯನಿಗೆ ನಾನು ಎದುರಾಡಿದ್ದು ಅದೊಂದೇ ಸಲ.

ಪ್ರೇಮಾವತಿ ವಾದ ಮಾಡಲಿಲ್ಲ. ಗಡಿಯಾರ ನೋಡಿದಳು. ಒಂದು, ಒಂದು, ಸೊನ್ನೆ, ಐದು ಒತ್ತಿದಳು. ಹಸಿರು ದೀಪ ಹೊತ್ತಿತು. ಎಂಜಿನ್ ಗುರ್ ಎಂದಿತು. ಕನ್ನಡಿ ನೋಡಿ, ಹಿಂದೆ ನೋಡಿ, ಸಿಗ್ನಲ್ ಹಾಕಿ, ಒಂದೇ ಸಲಕ್ಕೆ ಕಾರನ್ನು ಬೀದಿಗೆ ತೆಗೆದು ಹೊರಟೇ ಹೋದಳು.

ಏನು ತೊಂದರೆಯಾಯಿತು, ಹೊಸ ಅಲಾರಂ ಭದ್ರವಾಗಿದೆ ತಾನೇ ಎಂದು ಕೋರಿ ಬೇಲಿಯಿಂದ ಕೇಳಿದಳು. ಅಳಿಯಂದಿರು ಕೋಟಿನ ಗುಂಡಿ ಹಾಕಿಕೊಂಡು, ಆ ಸಂಖ್ಯೆಯನ್ನು ಪ್ರಪಂಚದ ಯಾವ ಕಳ್ಳನಿಗೂ ಊಹಿಸಲು ಸಾಧ್ಯವಿಲ್ಲ ಎಂದರು.

ಆ ಮಾತು ನಿಜ. ಮದುವೆಗೆ ಬಂದು ಉಂಡು ಹೋದ ಆರುನೂರು ಜನರಲ್ಲಿ ಒಬ್ಬರಿಗೂ ಸಾಧ್ಯವಿಲ್ಲ.